ಕಲ್ಲಿನ ಶಾಸನವೂ ಜಾಲದ ಪಹಣಿಯೂ

ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಶೋಕನು ತನ್ನ ಮಾತನ್ನು ಪ್ರಜೆಗಳಿಗೆ ಮುಟ್ಟಿಸಲು ಬಂಡೆಗಳನ್ನು ಆರಿಸಿಕೊಂಡನು. ನಮ್ಮ ಮಸ್ಕಿ, ಬ್ರಹ್ಮಗಿರಿಗಳಲ್ಲಿ ಅವನ್ನು ಇಂದಿಗೂ ಕಾಣಬಹುದು. ಕಳಿಂಗದ ಧೌಳಿಯ ಶಾಸನವಂತೂ ತಿಷ್ಯ ನಕ್ಷತ್ರದ ದಿನಗಳಲ್ಲಿ ಅದನ್ನು ಜನರಿಗೆ ಕೇಳಿಸಬೇಕೆಂದು ವಿಧಿಸುತ್ತದೆ. ಬರೆಸಿದರೆ ಸಾಲದು, ಓದುಬಾರದವನ ಕಿವಿಗೂ ಅದು ಬೀಳಬೇಕು.

ರೈತನ ಜಮೀನಿನ ಲೆಕ್ಕ ಮಾತ್ರ ಬಹುಕಾಲ ಹೀಗೆ ಬಯಲಿಗೆ ಬರಲಿಲ್ಲ. ಮೊದಲು ಅದು ಶಾನುಭೋಗರ ಕಡತದಲ್ಲಿತ್ತು. 1961ರ ಕಾನೂನು ಆ ವಂಶಪಾರಂಪರ್ಯದ ಹುದ್ದೆಯನ್ನು ರದ್ದುಮಾಡಿದ ಮೇಲೆ ಗ್ರಾಮಲೆಕ್ಕಿಗರ ಪುಸ್ತಕಕ್ಕೆ ಹೋಯಿತು. ಪಹಣಿಯ ಒಂದು ಪ್ರತಿಗಾಗಿ ರೈತನು ಅವರ ಬಾಗಿಲು ಕಾಯಬೇಕಾಗಿತ್ತು.

2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ಈ ಕಟ್ಟನ್ನು ಬಿಚ್ಚಿತು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪ್ರತಿ ದೊರೆಯತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಈಗಂತೂ ಯಾರು ಬೇಕಾದರೂ ಅಂತರಜಾಲದಲ್ಲಿ ಅದನ್ನು ನೋಡಬಹುದು.

ಆದರೆ ಪರದೆಯ ಮೇಲಿನ ಅಕ್ಷರವನ್ನು ಬಿಡಿಸಿ ಓದಲಾರದ ರೈತ ಇಂದಿಗೂ ಮತ್ತೊಬ್ಬರ ಮುಖ ನೋಡಬೇಕು. ಆ ಮತ್ತೊಬ್ಬರು ಹೊಸ ಶಾನುಭೋಗರಾಗದಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. ಶಾಸನವನ್ನು ಕೆತ್ತಿಸಿದ ದೊರೆ ಅದನ್ನು ಓದಿ ಹೇಳುವ ಏರ್ಪಾಟನ್ನೂ ಮಾಡಿದ್ದನೆಂಬುದನ್ನು ನಾವು ಮರೆಯಬಾರದು.