ಹೊನ್ನಾವರದ ಅಳಿವೆ ಮತ್ತು ಹಾಯಿಯ ಒಂದು ದಿನ

ಕೆನರಾ ಕರಾವಳಿಯ ಬಂದರುಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಮೆಣಸು, ಕುದುರೆ, ಕಪ್ಪಕಾಣಿಕೆ ಹಾಗೂ ಕೋಟೆಗಳ ಲೆಕ್ಕವನ್ನೇ ಹಿಡಿದು ನಡೆದಿದ್ದಾರೆ. ಬಂದರಿನಿಂದ ಹೊರಬಿದ್ದ ಹಡಗಿನ ಒಂದು ದಿನ ಹೇಗೆ ಕಳೆಯುತ್ತಿತ್ತು ಎಂಬ ಪ್ರಶ್ನೆ ಅವರನ್ನು ಅಷ್ಟಾಗಿ ಕಾಡಿದಂತಿಲ್ಲ. ಶರಾವತಿಯು ಸಮುದ್ರವನ್ನು ಸೇರುವೆಡೆಯ ಹೊನ್ನಾವರ ಈ ಪ್ರಶ್ನೆಗೆ ತಕ್ಕ ನೆಲೆ.

1342ರ ಸುಮಾರಿಗೆ ಇಲ್ಲಿಗೆ ಬಂದ ಇಬ್ನ್ ಬತೂತ, ಪಟ್ಟಣವು ಸಮುದ್ರದಿಂದ ಅರ್ಧ ಮೈಲಿ ಒಳಗೆ, ದೊಡ್ಡ ಹಡಗುಗಳು ಪ್ರವೇಶಿಸುವ ಹಿನ್ನೀರಿನ ದಂಡೆಯಲ್ಲಿತ್ತೆಂದು ಬರೆದಿದ್ದಾನೆ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವೆಂಬ ಅವನ ಮಾತು ಪದೇಪದೇ ಉದ್ಧೃತವಾಗಿದೆ. ಸಾಗುವಳಿಯ ಭೂಮಿಯಿಲ್ಲದ ಈ ಜನ ಕಡಲ ವ್ಯಾಪಾರದಿಂದಲೇ ಜೀವಿಸುವರೆಂಬ ಅವನ ಇನ್ನೊಂದು ಮಾತಿಗೆ ಆ ಭಾಗ್ಯವಿಲ್ಲ.

ಹಾಯಿಯ ದಿನ ಸೂರ್ಯೋದಯಕ್ಕೆ ಮೊದಲೇ ಆರಂಭವಾಗುತ್ತಿತ್ತು. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ, ರಾತ್ರಿ ತಣಿದ ನೆಲದಿಂದ ಕಡಲಿನತ್ತ ಗಾಳಿ ಬೀಸುತ್ತದೆ. ಹೊತ್ತೇರಿ ನೆಲ ಕಾದಂತೆ ಅದು ಅಡಗಿ, ಮಧ್ಯಾಹ್ನದ ವೇಳೆಗೆ ಕಡಲಗಾಳಿ ಎದ್ದು ಸಂಜೆಯವರೆಗೆ ನಿಲ್ಲುತ್ತದೆ. ಮುಕ್ಕೋನದ ಹಾಯಿಯ ಮಚವೆ, ಪತ್ತೇಮಾರಿಗಳು ನೆಲಗಾಳಿಯಲ್ಲಿ ಅಳಿವೆ ದಾಟಿ ಹೊರಗಡಲಿಗೆ ಸರಿದು, ಕಡಲಗಾಳಿಯಲ್ಲಿ ದಂಡೆಗುಂಟ ಸಾಗಿ ಮುಂದಿನ ಹೊಳೆಬಾಯಿಯನ್ನು ಸೇರುತ್ತಿದ್ದವು. ಎರಡು ಗಾಳಿಗಳ ನಡುವಿನ ನಿಶ್ಚಲ ಹೊತ್ತಿನಲ್ಲಿ ಹುಟ್ಟೇ ಗತಿ. ಕಡಲಗಾಳಿ ಬಹುಪಾಲು ವಾಯವ್ಯದಿಂದ ಬೀಸುವುದರಿಂದ ಭಟ್ಕಳದತ್ತಣ ತೆಂಕಣ ಪಯಣ ಸಲೀಸು. ಕುಮಟೆಯತ್ತ ಹೋಗುವವರು ಹಾಯಿಯನ್ನು ಮತ್ತೆ ಮತ್ತೆ ತಿರುಗಿಸಿ ಅಡ್ಡಹಾದಿ ಹಿಡಿಯಬೇಕು, ಇಲ್ಲವೇ ರಾತ್ರಿಯ ನೆಲಗಾಳಿಗೆ ಕಾಯಬೇಕು.

ಗಾಳಿಯೊಂದೇ ಸಾಲದು. ಅಳಿವೆಯ ಮರಳದಿಬ್ಬ ಮಳೆಗಾಲದಿಂದ ಮಳೆಗಾಲಕ್ಕೆ ನೆಲೆ ಬದಲಿಸುತ್ತದೆ. ಸರಕು ತುಂಬಿದ ಹಡಗು ಉಬ್ಬರದ ನೀರಿನಲ್ಲಿ ಮಾತ್ರ ಅದನ್ನು ದಾಟಬಲ್ಲದು. ಉಬ್ಬರವೋ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಆದ್ದರಿಂದ ತಂಡೇಲನಿಗೆ ತಿಥಿಯೇ ಗಡಿಯಾರ. ಪಂಚಾಂಗವನ್ನು ಪೂಜೆ-ವ್ರತಗಳ ಪುಸ್ತಕವೆಂದಷ್ಟೇ ಎಣಿಸುವ ವಿದ್ವಾಂಸರು ಈ ಬಳಕೆಯನ್ನು ಗಮನಿಸಿದ್ದು ಕಡಿಮೆ. ಶ್ರಾವಣ ಹುಣ್ಣಿಮೆಯಂದು ಖಾರ್ವಿ ಮೊದಲಾದವರು ಕಡಲಿಗೆ ತೆಂಗಿನಕಾಯಿ ಅರ್ಪಿಸುವ ಆಚರಣೆಯೂ ಇದೇ ಲೆಕ್ಕಕ್ಕೆ ಸೇರಿದ್ದು. ಮಳೆಗಾಲದುದ್ದಕ್ಕೂ ಮುಚ್ಚಿದ್ದ ಅಳಿವೆ ತೆರೆಯಿತೆಂಬ ಘೋಷಣೆ ಅದರಲ್ಲಿದೆ.

1569ರಲ್ಲಿ ಪೋರ್ಚುಗೀಸರು ಹೊನ್ನಾವರದ ಕೋಟೆಯನ್ನು ವಶಪಡಿಸಿಕೊಂಡರು. 1623ರಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಗೋವೆಯಿಂದ ಕಡಲಮಾರ್ಗವಾಗಿ ಇಲ್ಲಿಗೆ ಬಂದು, ಹೊಳೆಯ ಮೂಲಕ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದನು. ಘಟ್ಟದ ಮೆಣಸು ಬಂದರನ್ನು ಬೆಳೆಸಿತೆಂಬುದು ನಿಜ. ಆದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಬಾಯಿಗಳು ಹಾಯಿಯ ಒಂದು ಹಗಲಿಗೆ ನಿಲುಕುವಷ್ಟು ಅಂತರದಲ್ಲಿ ಇರದಿದ್ದರೆ ಈ ಬಂದರುಗಳು ಸಾಲಾಗಿ ಏಳಲು ಸಾಧ್ಯವಿತ್ತೇ ಎಂಬುದನ್ನು ಚರಿತ್ರಕಾರರು ವಿಚಾರಿಸಬೇಕು.

ಕೋಟೆಯ ದಾಖಲೆಗಳು ಗೋವೆ, ಲಿಸ್ಬನ್‌ಗಳಲ್ಲಿ ಉಳಿದಿವೆ. ತಂಡೇಲನ ತಿಳಿವಳಿಕೆಯಾದರೋ ಬರಹಕ್ಕಿಳಿದದ್ದು ಅತ್ಯಲ್ಪ; ಎಂಜಿನ್ ದೋಣಿಗಳು ಬಂದ ಮೇಲಿನ ಒಂದೆರಡು ತಲೆಮಾರಿನಲ್ಲಿ ಅದು ಕರಗುತ್ತಿದೆ, ಹಾಯಿ ಹಿಡಿದಿದ್ದ ಹಿರಿಯರು ವಿರಳವಾಗಿದ್ದಾರೆ. ಗಾಳಿಗೆ, ನೀರಿನ ಏರಿಳಿತಕ್ಕೆ, ಮರಳದಿಬ್ಬಕ್ಕೆ ಅವರಿಟ್ಟ ಹೆಸರುಗಳನ್ನು ಕನ್ನಡ, ಕೊಂಕಣಿ, ನವಾಯತಿ ಮೂರರಲ್ಲಿಯೂ ಊರೂರಿನಿಂದ ಸಂಗ್ರಹಿಸುವ ಕೆಲಸ ಮೊದಲು ಆಗಬೇಕಾಗಿದೆ.