ಹ್ಯಾಶ್ ಕೋಷ್ಟಕ

ಗಣಕಯಂತ್ರದ ಸ್ಮೃತಿಯಲ್ಲಿ ದತ್ತಾಂಶಗಳನ್ನು ಸಂಗ್ರಹಿಸಿಡುವ ವಿಧಾನಗಳಲ್ಲೊಂದು. ಹೆಸರನ್ನೋ ಸಂಖ್ಯೆಯನ್ನೋ ಕೀಲಿಯಾಗಿ ಕೊಟ್ಟೊಡನೆ, ಪಟ್ಟಿಯನ್ನು ಮೊದಲಿನಿಂದ ತಡಕುತ್ತ ಹೋಗದೆ, ಕೀಲಿಯ ಮೇಲೆಯೇ ಗಣಿತಕ್ರಿಯೆಯೊಂದನ್ನು ನಡೆಸಿ, ಬೇಕಾದ ವಿಷಯವಿರುವ ಕೋಶವನ್ನು ಲೆಕ್ಕದಿಂದಲೇ ತಿಳಿಯುವುದು ಇದರ ತತ್ತ್ವ. ಕೋಷ್ಟಕದಲ್ಲಿ ಏಳು ಕೋಶಗಳಿದ್ದು, ಕೀಲಿಯನ್ನು ಏಳರಿಂದ ಭಾಗಿಸಿದಾಗ ಬರುವ ಶೇಷವೇ ಕೋಶಸಂಖ್ಯೆಯೆಂದು ಇಟ್ಟುಕೊಂಡರೆ, 50 ಎಂಬ ಕೀಲಿ 1ನೆಯ ಕೋಶಕ್ಕೆ ಸಲ್ಲುತ್ತದೆ; 85 ಸಹ ಅಲ್ಲಿಗೇ ಬಂದು ಸೇರುತ್ತದೆ. ಈ ಘರ್ಷಣೆಯ ಪರಿಹಾರಕ್ಕಾಗಿ ನಡೆದ ಪ್ರಯತ್ನಗಳ ಚರಿತ್ರೆಯೇ ಬಹುಮಟ್ಟಿಗೆ ಹ್ಯಾಶ್ ಕೋಷ್ಟಕದ ಚರಿತ್ರೆ.

1896ರಲ್ಲಿ ಜರ್ಮನಿಯಲ್ಲಿ ಜನಿಸಿ, ಜವಳಿ ಉದ್ಯಮದಲ್ಲಿ ದುಡಿದು, ಮುಂದೆ ಅಮೆರಿಕದ ಐಬಿಎಂ ಸಂಸ್ಥೆಯನ್ನು ಸೇರಿದ ಹಾನ್ಸ್ ಪೀಟರ್ ಲೂನ್ ಅವರು 1953ರ ಜನವರಿಯಲ್ಲಿ, ಸಂಸ್ಥೆಯ ಒಳಬಳಕೆಗಾಗಿ ಬರೆದ ಟಿಪ್ಪಣಿಯೊಂದರಲ್ಲಿ ಈ ವಿಚಾರವನ್ನು ಮಂಡಿಸಿದರು. ಒಂದೇ ಕೋಶಕ್ಕೆ ಸಲ್ಲುವ ಅಂಶಗಳನ್ನು ಸರಪಣಿಯಾಗಿ ಕೊಂಡಿಹಾಕುವ ಉಪಾಯವೂ ಅದರಲ್ಲಿದ್ದಿತು. ಹೆಚ್ಚುಕಡಮೆ ಅದೇ ಕಾಲದಲ್ಲಿ, ಐಬಿಎಂ 701 ಯಂತ್ರದ ಅಸೆಂಬ್ಲರಿಗಾಗಿ ಶ್ರಮಿಸುತ್ತಿದ್ದ ಜೀನ್ ಆಮ್ಡಾಲ್ ಮತ್ತು ಅವರ ಸಹೋದ್ಯೋಗಿಗಳು, ಸಲ್ಲಬೇಕಾದ ಕೋಶ ತುಂಬಿದ್ದರೆ ಮುಂದಿನ ತೆರವಾದ ಕೋಶವನ್ನು ಹಿಡಿಯುವ ಇನ್ನೊಂದು ಮಾರ್ಗವನ್ನು ಕಂಡುಕೊಂಡರು. ಸೋವಿಯತ್ ಒಕ್ಕೂಟದಲ್ಲಿ ಆಂದ್ರೇ ಎರ್ಷೋವ್ ಅವರಿಗೂ ಸ್ವತಂತ್ರವಾಗಿ ಹೊಳೆದದ್ದು ಇದೇ ಮಾರ್ಗ.

ನೋಡುವುದಕ್ಕೆ ಅತಿ ಸರಳವಾದ ಈ ಎರಡನೆಯ ಮಾರ್ಗದ ನಿಜವಾದ ಗುಣದೋಷಗಳನ್ನು ಅಳೆಯುವುದು ಮಾತ್ರ ಸುಲಭವಾಗಿರಲಿಲ್ಲ. ಡೊನಾಲ್ಡ್ ಕ್ನೂತ್ ಅವರು 1962ರಲ್ಲಿ ಆ ಲೆಕ್ಕವನ್ನು ಬಿಡಿಸಿದರು. ಕೋಷ್ಟಕ ಅರ್ಧ ತುಂಬಿರುವಾಗ, ಇಲ್ಲದ ಕೀಲಿಯೊಂದನ್ನು ಹುಡುಕಿ ಇಲ್ಲವೆಂದು ನಿರ್ಧರಿಸುವುದಕ್ಕೆ ಸರಾಸರಿ 2.5 ಕೋಶಗಳನ್ನು ನೋಡಿದರೆ ಸಾಕು. ನೂರಕ್ಕೆ ತೊಂಬತ್ತರಷ್ಟು ತುಂಬಿದಾಗ ಅದು 50.5ಕ್ಕೆ ಏರುತ್ತದೆ. ತುಂಬಿದ ಕೋಶಗಳು ಒತ್ತಾಗಿ ಸೇರಿ ಸಾಲುಗಟ್ಟುವುದೇ ಇದಕ್ಕೆ ಕಾರಣ. ಕ್ರಮವಿಧಿಗಳ ಗಣಿತವಿಶ್ಲೇಷಣೆಯನ್ನು ಕ್ನೂತ್ ಅವರು ತಮ್ಮ ಜೀವಿತಕಾರ್ಯವಾಗಿ ಕೈಗೊಳ್ಳುವುದಕ್ಕೆ ಈ ಪುಟ್ಟ ಲೆಕ್ಕವೇ ನಾಂದಿಯಾಯಿತೆಂಬುದು ಸ್ಮರಣೀಯ.

ಆಕ್ (1977), ಪರ್ಲ್ (1987), ಪೈಥಾನ್ (1991) ಮೊದಲಾದ ಗಣಕಭಾಷೆಗಳು ಹ್ಯಾಶ್ ಕೋಷ್ಟಕವನ್ನು ತಮ್ಮ ಅಂಗವನ್ನಾಗಿಯೇ ಮಾಡಿಕೊಂಡ ಬಳಿಕ ಇದರ ಬಳಕೆ ಸಾರ್ವತ್ರಿಕವಾಯಿತು. ಆದರೆ ಬೇಕೆಂದೇ ಒಂದೇ ಕೋಶಕ್ಕೆ ಸಲ್ಲುವ ಕೀಲಿಗಳನ್ನು ಆಯ್ದು ಕಳುಹಿಸಿ ಯಂತ್ರವನ್ನು ಸ್ತಬ್ಧಗೊಳಿಸಬಹುದೆಂದು 2003ರಲ್ಲಿ ಸ್ಕಾಟ್ ಕ್ರಾಸ್ಬಿ ಮತ್ತು ಡ್ಯಾನ್ ವಾಲಕ್ ತೋರಿಸಿದಾಗ, ಘರ್ಷಣೆಯು ಕೇವಲ ವೇಗದ ಪ್ರಶ್ನೆಯಾಗಿ ಉಳಿಯಲಿಲ್ಲ, ರಕ್ಷಣೆಯ ಪ್ರಶ್ನೆಯೂ ಆಯಿತು. ಇಂಥ ದಾಳಿಯನ್ನು ತಡೆಯುವುದಕ್ಕಾಗಿ, ಗುಪ್ತಸಂಖ್ಯೆಯೊಂದನ್ನು ಕೂಡಿಸಿಕೊಂಡು ಲೆಕ್ಕಹಾಕುವ ಸಿಪ್‌ಹ್ಯಾಶ್ ಎಂಬ ಕ್ರಿಯೆ 2012ರಲ್ಲಿ ರೂಪುಗೊಂಡಿತು. ಪೈಥಾನ್ ಅದನ್ನು 2014ರ 3.4ನೆಯ ಆವೃತ್ತಿಯಲ್ಲಿ ಸ್ವೀಕರಿಸಿತು.