ಮಲೆನಾಡಿನ ಕೆಮ್ಮು: ಕ್ಷಯದಂತೆ ಕಾಣುವ, ಕ್ಷಯವಲ್ಲದ ಎದೆರೋಗಗಳು

ಎರಡು ವಾರ ಕಳೆದರೂ ನಿಲ್ಲದ ಕೆಮ್ಮು, ಸಂಜೆಯಾದರೆ ಏರುವ ಜ್ವರ, ಇಳಿಯುತ್ತಿರುವ ಮೈತೂಕ, ಕಫದಲ್ಲಿ ರಕ್ತದ ಎಳೆ. ಇಷ್ಟು ಕಂಡೊಡನೆ ವೈದ್ಯರ ಮನಸ್ಸಿಗೆ ಮೊದಲು ಬರುವುದು ಕ್ಷಯ. ಬರಬೇಕಾದದ್ದೂ ಅದೇ. ವರ್ಷಕ್ಕೆ 25 ಲಕ್ಷಕ್ಕೂ ಹೆಚ್ಚು ಜನ ಕ್ಷಯಕ್ಕೆ ತುತ್ತಾಗುವ ದೇಶದಲ್ಲಿ ಬೇರೆ ರೋಗವನ್ನು ಮೊದಲು ಹುಡುಕಲು ಹೊರಡುವುದು ಜಾಣತನವಲ್ಲ. ಆದರೆ ಕ್ಷಯದ ವೇಷ ತೊಟ್ಟು ಬರುವ ಬೇರೆ ಕೆಲವು ಎದೆರೋಗಗಳಿವೆ. ಅವುಗಳಲ್ಲಿ ಒಂದು ಅಗ್ಗದ ಮಾತ್ರೆಗೆ ಮೂರು ವಾರಗಳಲ್ಲಿ ಮಣಿಯುತ್ತದೆ. ಇನ್ನೊಂದು, ಗುರುತು ಸಿಗುವುದು ಕೆಲವೇ ದಿನ ತಡವಾದರೂ ಪ್ರಾಣ ತೆಗೆಯುತ್ತದೆ. ಇವೆರಡಕ್ಕೂ ಕ್ಷಯದ ಔಷಧಿಯಿಂದ ಪ್ರಯೋಜನವಿಲ್ಲ.

ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳದಂಥ ಊರುಗಳನ್ನು ಈ ದೃಷ್ಟಿಯಿಂದ ನೋಡುವುದು ಉಪಯುಕ್ತ. ಗುಂಡ್ಯ ಜಲವಿದ್ಯುತ್ ಯೋಜನೆಯ ವಿವಾದದಿಂದಾಗಿ ಈ ಹೆಸರು ಹೊರಗಿನವರಿಗೂ ಪರಿಚಿತವಾಯಿತು. ಪಶ್ಚಿಮಘಟ್ಟದ ಅಂಚಿನ ಈ ಸೀಮೆಯದು ಕಾಫಿ, ಏಲಕ್ಕಿ, ಮೆಣಸು ಮತ್ತು ತಗ್ಗಿನ ಗದ್ದೆಗಳ ಬದುಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸವೆಲ್ಲ ಕೆಸರಿನಲ್ಲಿ. ಗೋಡೆಗಳು ತಿಂಗಳುಗಟ್ಟಲೆ ಒದ್ದೆ. ಒಲೆಯ ಹೊಗೆ ಮನೆಯೊಳಗೇ ಸುತ್ತುತ್ತದೆ. ತೋಟಗಳ ಲೈನ್ ಮನೆಗಳಲ್ಲಿ ಈಗ ಉತ್ತರ ಕರ್ನಾಟಕದವರಿದ್ದಾರೆ, ಅಸ್ಸಾಮಿನಿಂದ ಬಂದವರೂ ಇದ್ದಾರೆ. ಹೀಗಾಗಿ ಇಲ್ಲಿನ ಒಂದು ಕೆಮ್ಮಿನ ಮೂಲ ಇಲ್ಲಿಯ ಮಣ್ಣಾಗಿರಬಹುದು, ಮನೆಯ ಬೂಷ್ಟಾಗಿರಬಹುದು, ಇಲ್ಲವೇ ಸಾವಿರಾರು ಕಿಲೋಮೀಟರ್ ದೂರದ ಹುಟ್ಟೂರಿನ ಸೊಳ್ಳೆಯೋ ಏಡಿಯೋ ಆಗಿರಬಹುದು. ರೋಗಿಯ ಊರು, ಕಸುಬು, ಕಾಯಿಲೆ ಶುರುವಾದ ಋತು ಇವುಗಳನ್ನು ಕೇಳಿ ತಿಳಿಯುವುದು ಖರ್ಚಿಲ್ಲದ ಪರೀಕ್ಷೆ. ಜನಜಂಗುಳಿಯ ಹೊರರೋಗಿ ವಿಭಾಗದಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ.

ಮೊದಲ ಹೆಜ್ಜೆ ಕಫ

ಕ್ಷಯ ಹೌದೋ ಅಲ್ಲವೋ ಎಂಬುದನ್ನು ಕಫದಿಂದಲೇ ನಿಶ್ಚಯಿಸಬೇಕು. ಸೂಕ್ಷ್ಮದರ್ಶಕದ ಪರೀಕ್ಷೆಯ ಜೊತೆಗೆ ಸಿಬಿನ್ಯಾಟ್ ಮತ್ತು ದೇಶದಲ್ಲೇ ತಯಾರಾದ ಟ್ರೂನ್ಯಾಟ್ ಯಂತ್ರಗಳು ಬಂದ ಮೇಲೆ, ರೋಗಾಣುವಿನ ವಂಶವಾಹಿ ಇದೆಯೇ, ರಿಫಾಂಪಿಸಿನ್ ಔಷಧಿ ಅದಕ್ಕೆ ನಾಟುತ್ತದೆಯೇ ಎಂಬುದು ಕೆಲವೇ ಗಂಟೆಗಳಲ್ಲಿ ತಿಳಿಯುತ್ತದೆ. ರಾಷ್ಟ್ರೀಯ ಕ್ಷಯ ನಿರ್ಮೂಲನ ಕಾರ್ಯಕ್ರಮದಡಿ ಈ ಪರೀಕ್ಷೆ ಉಚಿತ.

ಕಫದಲ್ಲಿ ಏನೂ ಸಿಗದಿದ್ದರೂ ಎಕ್ಸ್‌ರೇ ಮತ್ತು ಲಕ್ಷಣಗಳ ಆಧಾರದ ಮೇಲೆ ಕ್ಷಯದ ಚಿಕಿತ್ಸೆ ಆರಂಭಿಸಲು ವೈದ್ಯರಿಗೆ ಅವಕಾಶವಿದೆ. ಅದು ತಪ್ಪಲ್ಲ, ಎಷ್ಟೋ ಜೀವಗಳು ಉಳಿದಿರುವುದು ಹಾಗೆಯೇ. ಹೀಗೆ ಆರಂಭಿಸಿದ ಚಿಕಿತ್ಸೆಗೆ ಎರಡು ತಿಂಗಳಾದರೂ ಜ್ವರ ಇಳಿಯದೆ, ತೂಕ ಏರದೆ ಇದ್ದಾಗ ಮೂಲ ನಿರ್ಣಯವನ್ನೇ ಮತ್ತೆ ಪ್ರಶ್ನಿಸದೆ ಔಷಧಿ ಮುಂದುವರಿಸುವುದು ಮಾತ್ರ ತಪ್ಪು. ಔಷಧಿಗೆ ಬಗ್ಗದ ಕ್ಷಯವೇ ಇರಬಹುದು. ಕ್ಷಯವೇ ಅಲ್ಲದಿರಲೂಬಹುದು.

ಮಳೆಗಾಲದ ಮಣ್ಣಿನ ರೋಗ

ಕ್ಷಯವೆಂದು ತಪ್ಪು ತಿಳಿಯಲಾಗುವ ರೋಗಗಳಲ್ಲಿ ಅತಿ ಅಪಾಯಕಾರಿಯಾದುದು ಮೆಲಿಯಾಯ್ಡೋಸಿಸ್. 1912ರಲ್ಲಿ ಇದನ್ನು ಮೊದಲು ವರ್ಣಿಸಿದವರು ರಂಗೂನಿನಲ್ಲಿದ್ದ ಆಲ್ಫ್ರೆಡ್ ವಿಟ್‌ಮೋರ್ ಮತ್ತು ಅವರ ಸಹಾಯಕ ಸಿ.ಎಸ್. ಕೃಷ್ಣಸ್ವಾಮಿ. ಬರ್ಖೋಲ್ಡೇರಿಯಾ ಸ್ಯೂಡೋಮ್ಯಾಲೈ ಎಂಬ ಬ್ಯಾಕ್ಟೀರಿಯಾ ಇದರ ಕಾರಣ. ಇದು ಹಸಿ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾಸಿಸುತ್ತದೆ. ಕಾಲಿನ ಗಾಯದ ಮೂಲಕ, ಉಸಿರಿನ ಮೂಲಕ ಅಥವಾ ಕುಡಿಯುವ ನೀರಿನ ಮೂಲಕ ದೇಹವನ್ನು ಸೇರುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1.65 ಲಕ್ಷ ಜನರಿಗೆ ಇದು ತಗಲುತ್ತದೆ, 89,000 ಜನ ಸಾಯುತ್ತಾರೆ ಎಂದು 2016ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ದಕ್ಷಿಣ ಏಷ್ಯಾದ ಪಾಲು ಅದರಲ್ಲಿ ದೊಡ್ಡದು.

ಕರ್ನಾಟಕದಲ್ಲಿ ಈ ರೋಗದ ಬಗ್ಗೆ ಹೆಚ್ಚಿನ ಅರಿವು ಮೂಡಿರುವುದು ಕರಾವಳಿಯಲ್ಲಿ, ಮುಖ್ಯವಾಗಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರಜ್ಞರ ದೀರ್ಘಕಾಲದ ಕೆಲಸದಿಂದ. ಅಲ್ಲಿ ಕಂಡ ರೋಗಿಗಳ ಚಿತ್ರ ಸ್ಪಷ್ಟವಾಗಿದೆ: ಬಹುತೇಕರು ಬರುವುದು ಮಳೆಗಾಲದಲ್ಲಿ, ಬಹುಪಾಲು ಮಂದಿಗೆ ಸಕ್ಕರೆ ಕಾಯಿಲೆ ಇರುತ್ತದೆ. ಘಟ್ಟದ ಕೆಳಗೆ ಇರುವ ರೋಗಾಣು ಘಟ್ಟದ ಮೇಲೆ ಇರಲಾರದು ಎಂದುಕೊಳ್ಳಲು ಕಾರಣವಿಲ್ಲ. ಮಳೆ, ಮಣ್ಣು, ಬರಿಗಾಲು ಎರಡೂ ಕಡೆ ಇವೆ.

ಈ ರೋಗ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದ ಕುಳಿಯಾಗಿ ಕಾಣಬಹುದು. ಕ್ಷಯದ ಚಿತ್ರವೂ ಅದೇ. ವ್ಯತ್ಯಾಸ ತೋರುವುದು ಬೇರೆ ಕಡೆ. ಸಕ್ಕರೆ ಕಾಯಿಲೆಯ ರೋಗಿಗೆ ಮಳೆಗಾಲದಲ್ಲಿ ಜ್ವರ ಸಹಿತ ನ್ಯುಮೋನಿಯಾ ಬಂದು, ಅಲ್ಟ್ರಾಸೌಂಡ್‌ನಲ್ಲಿ ಯಕೃತ್ತು ಅಥವಾ ಗುಲ್ಮದಲ್ಲಿ ಸಣ್ಣ ಸಣ್ಣ ಕೀವುಗಂಟುಗಳು ಕಂಡರೆ ಈ ರೋಗವನ್ನು ನೆನೆಯಲೇಬೇಕು. ಖಚಿತಪಡಿಸುವುದು ಕಲ್ಚರ್ ಪರೀಕ್ಷೆ ಮಾತ್ರ: ರಕ್ತ, ಕಫ, ಮೂತ್ರ, ಕೀವು ಎಲ್ಲದರಿಂದಲೂ, ಸಾಧ್ಯವಾದಷ್ಟೂ ಪ್ರತಿಜೀವಕ ಕೊಡುವ ಮೊದಲೇ. ಅನುಭವವಿಲ್ಲದ ಪ್ರಯೋಗಾಲಯ ಇದನ್ನು ಸಾಮಾನ್ಯ ಸ್ಯೂಡೋಮೊನಾಸ್ ಎಂದೋ ಮಾಲಿನ್ಯವೆಂದೋ ಬದಿಗೆ ಸರಿಸುವುದುಂಟು. ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದ, ಆದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುವ ಜೀವಿ ಎಂದು ವರದಿ ಬಂದರೆ ಅದೊಂದು ಅಮೂಲ್ಯ ಸುಳಿವು.

ಚಿಕಿತ್ಸೆ ಎರಡು ಘಟ್ಟಗಳದ್ದು. ಮೊದಲು ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಚುಚ್ಚುಮದ್ದು, ಕನಿಷ್ಠ 10ರಿಂದ 14 ದಿನ. ಬಳಿಕ ಮರುಕಳಿಸದಂತೆ ಕೋ-ಟ್ರೈಮಾಕ್ಸಜೋಲ್ ಮಾತ್ರೆ, ಕನಿಷ್ಠ ಮೂರು ತಿಂಗಳು. ಜ್ವರ ಬಿಟ್ಟಿತೆಂದು ಎರಡನೆಯ ಘಟ್ಟವನ್ನು ಅರ್ಧಕ್ಕೆ ನಿಲ್ಲಿಸಿದವರಲ್ಲಿ ರೋಗ ಮರಳುತ್ತದೆ. ತಡೆಯುವ ದಾರಿ ಸರಳ: ಗಂಬೂಟು ಹಾಕುವುದು, ಗಾಯವನ್ನು ಮುಚ್ಚಿಕೊಳ್ಳುವುದು, ನೀರು ಕುದಿಸಿ ಕುಡಿಯುವುದು, ಸಕ್ಕರೆಯನ್ನು ಹತೋಟಿಯಲ್ಲಿಡುವುದು.

ರಾತ್ರಿಯ ಕೆಮ್ಮು, ಮೂರು ವಾರದ ಮಾತ್ರೆ

ಎರಡನೆಯ ರೋಗದ ಕಥೆ ಕೋಲಾರದ ಗಡಿಯಾಚೆಯಿಂದ ಶುರುವಾಗುತ್ತದೆ. ಆಂಧ್ರದ ಮದನಪಲ್ಲಿ ಬಳಿಯ ಆರೋಗ್ಯವರಂ ಕ್ಷಯ ಚಿಕಿತ್ಸಾಧಾಮಕ್ಕೆ ಕೆಮ್ಮು, ಉಬ್ಬಸ, ತೂಕ ನಷ್ಟದೊಂದಿಗೆ ಬಂದ ಕೆಲವರ ಕಫದಲ್ಲಿ ಕ್ಷಯಾಣು ಸಿಗುತ್ತಿರಲಿಲ್ಲ. ರಕ್ತದಲ್ಲಿ ಇಯೋಸಿನೊಫಿಲ್ ಎಂಬ ಬಿಳಿಕಣಗಳು ಮಾತ್ರ ವಿಪರೀತವಾಗಿದ್ದವು. ಅಲ್ಲಿನ ವೈದ್ಯ ಫ್ರಿಮೋಟ್-ಮೊಲ್ಲರ್ ಮತ್ತು ಬಾರ್ಟನ್ 1940ರಲ್ಲಿ ಇದನ್ನು ಕ್ಷಯವನ್ನು ಹೋಲುವ ಹುಸಿಸ್ಥಿತಿ ಎಂದು ವರದಿ ಮಾಡಿದರು. 1943ರಲ್ಲಿ ವೈನ್‌ಗಾರ್ಟನ್ ಇದಕ್ಕೆ ಉಷ್ಣವಲಯದ ಇಯೋಸಿನೊಫಿಲಿಯಾ ಎಂಬ ಹೆಸರು ಕೊಟ್ಟರು. ಆನೆಕಾಲು ರೋಗ ತರುವ ಫೈಲೇರಿಯಾ ಹುಳುವಿನ ಮರಿಗಳ ವಿರುದ್ಧ ಶರೀರ ತೋರುವ ಅತಿಪ್ರತಿಕ್ರಿಯೆಯೇ ಇದರ ಮೂಲವೆಂಬುದು ಅನಂತರ ತಿಳಿಯಿತು.

ಕೆಮ್ಮು ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಹೆಚ್ಚು. ಆಸ್ತಮಾ ಎಂದು ವರ್ಷಗಟ್ಟಲೆ ಇನ್‌ಹೇಲರ್ ಹಿಡಿದವರೂ ಇದ್ದಾರೆ. ರಕ್ತದ ಪ್ರತಿ ಮೈಕ್ರೋಲೀಟರ್‌ನಲ್ಲಿ ಇಯೋಸಿನೊಫಿಲ್ 3,000 ದಾಟಿರುತ್ತದೆ. ಐಜಿಇ ಪ್ರಮಾಣವೂ ಬಹಳ ಏರಿರುತ್ತದೆ. ವಿಚಿತ್ರವೆಂದರೆ ರಾತ್ರಿ ರಕ್ತ ತೆಗೆದು ನೋಡಿದರೂ ಹುಳುವಿನ ಮರಿ ಸಿಗುವುದಿಲ್ಲ. ಡಿಇಸಿ ಮಾತ್ರೆಯನ್ನು ಮೈತೂಕದ ಕಿಲೋಗೆ 6 ಮಿಲಿಗ್ರಾಂನಂತೆ ಮೂರು ವಾರ ಕೊಟ್ಟರೆ ಹೆಚ್ಚಿನವರು ಮೊದಲ ವಾರದಲ್ಲೇ ಚೇತರಿಸಿಕೊಳ್ಳುತ್ತಾರೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಶ್ವಾಸಕೋಶ ಗಡುಸಾಗುತ್ತದೆ. ಆಮೇಲೆ ಮಾತ್ರೆಯಿಂದ ಫಲವಿಲ್ಲ.

ಫೈಲೇರಿಯಾ ಮಲೆನಾಡಿನ ರೋಗವಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಮೊದಲಾದ ಜಿಲ್ಲೆಗಳಲ್ಲೂ ಕರಾವಳಿಯಲ್ಲೂ ಅದು ನೆಲೆಯೂರಿತ್ತು. ತೋಟದ ಕೆಲಸಕ್ಕೆ ಬಂದವರ ಹುಟ್ಟೂರನ್ನು ಕೇಳದಿದ್ದರೆ ಈ ರೋಗ ಯಾರ ನೆನಪಿಗೂ ಬರುವುದಿಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕು: ಬರಿಗಾಲಿನಲ್ಲಿ ದುಡಿಯುವವರಲ್ಲಿ ಕೊಕ್ಕೆಹುಳು ಕೂಡ ಇಯೋಸಿನೊಫಿಲ್ ಏರಿಸುತ್ತದೆ. ಆದ್ದರಿಂದ ಮಲಪರೀಕ್ಷೆಯನ್ನು ಬಿಡಬಾರದು.

ಕಾಫಿಯ ಮೇಲಿನ ಆರೋಪ

ಉಸಿರಿನೊಡನೆ ಒಳಹೋಗುವ ಬೂಷ್ಟು, ಹಕ್ಕಿಯ ಹಿಕ್ಕೆ, ಸಾವಯವ ಧೂಳು ಇವುಗಳಿಗೆ ಕೆಲವರ ಶ್ವಾಸಕೋಶ ಕೆರಳುತ್ತದೆ. ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎಂದು ಇದರ ಹೆಸರು. ಬೂಷ್ಟು ಹಿಡಿದ ಹುಲ್ಲಿನ ಬಣವೆಯಿಂದ ರೈತರಿಗೆ, ಕಬ್ಬಿನ ಸಿಪ್ಪೆಯಿಂದ ಸಕ್ಕರೆ ಕಾರ್ಖಾನೆಯವರಿಗೆ, ಪಾರಿವಾಳದಿಂದ ನಗರದ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವವರಿಗೆ ಇದು ಬರುತ್ತದೆ. ಭಾರತದ 27 ಕೇಂದ್ರಗಳ 1,084 ರೋಗಿಗಳ ದಾಖಲೆಯನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶ್ವಾಸಕೋಶದ ಅಂಗಾಂಶ ಗಡುಸಾಗುವ ರೋಗಗಳ ಪೈಕಿ ಶೇ. 47ರಷ್ಟು ಇದೇ ಆಗಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಏರ್‌ಕೂಲರ್ ಬಳಸುತ್ತಿದ್ದರು. ಮಲೆನಾಡಿನಲ್ಲಿ ಏರ್‌ಕೂಲರ್ ಯಾರಿಗೂ ಬೇಕಿಲ್ಲ. ಆದರೆ ಕೂಲರ್‌ನ ಒದ್ದೆ ಪದರದಲ್ಲಿ ಬೆಳೆಯುವ ಬೂಷ್ಟು ಇಲ್ಲಿ ಗೋಡೆಯ ಮೇಲೂ ಕಂಬಳಿಯ ಮೇಲೂ ತಾನಾಗಿ ಬೆಳೆಯುತ್ತದೆ.

ಹಾಗಾದರೆ ಕಾಫಿ? 1970ರಲ್ಲಿ ನೆದರ್ಲೆಂಡ್ಸಿನಿಂದ ಕಾಫಿ ಕಾರ್ಮಿಕನ ಶ್ವಾಸಕೋಶ ಎಂಬ ಹೊಸ ರೋಗದ ವರದಿ ಬಂದು ಪಠ್ಯಪುಸ್ತಕಗಳಲ್ಲೂ ಸೇರಿತು. ಅದಕ್ಕೆ ಆಧಾರ ಒಬ್ಬನೇ ರೋಗಿ. 1983ರಲ್ಲಿ ಅದೇ ವೈದ್ಯರು ಸಹೋದ್ಯೋಗಿಗಳೊಡನೆ ಆ ಪ್ರಕರಣವನ್ನು ಮರುಪರಿಶೀಲಿಸಿ, ಅದು ಕಾಫಿಯಿಂದ ಬಂದುದಲ್ಲ, ಕಾರಣ ತಿಳಿಯದ ಬೇರೊಂದು ಶ್ವಾಸಕೋಶದ ರೋಗವೆಂದು ತೀರ್ಮಾನಿಸಿದರು. ಹಸಿ ಕಾಫಿಬೀಜದ ಧೂಳಿನಿಂದ ಕ್ಯೂರಿಂಗ್ ಮತ್ತು ಹುರಿಯುವ ಘಟಕಗಳಲ್ಲಿ ಮೂಗು ಸೋರುವುದು, ಆಸ್ತಮಾ ಬರುವುದು ಮಾತ್ರ ನಿಜ.

ಈ ರೋಗದ ಸುಳಿವು ಕಾಲದಲ್ಲಿದೆ. ಧೂಳಿನ ಕೆಲಸ ಮಾಡಿದ ನಾಲ್ಕರಿಂದ ಎಂಟು ಗಂಟೆಗಳ ನಂತರ ಚಳಿಜ್ವರ, ಎದೆ ಬಿಗಿತ. ಊರು ಬಿಟ್ಟು ಹೋದಾಗ ಆರಾಮ, ಮರಳಿದಾಗ ಮತ್ತೆ ಅದೇ. ದೀರ್ಘರೂಪದಲ್ಲಿ ಜ್ವರವೂ ಇರುವುದಿಲ್ಲ. ಏರು ಹತ್ತುವಾಗ ದಮ್ಮು ಕಟ್ಟುತ್ತದೆ, ಅಷ್ಟೆ. ಎಚ್‌ಆರ್‌ಸಿಟಿ ಸ್ಕ್ಯಾನ್, ಶ್ವಾಸಸಾಮರ್ಥ್ಯ ಪರೀಕ್ಷೆ, ಬೇಕಾದರೆ ಬ್ರಾಂಕೋಸ್ಕೋಪಿಯಿಂದ ತೆಗೆದ ದ್ರವದಲ್ಲಿ ಲಿಂಫೋಸೈಟ್ ಎಣಿಕೆ ಇವೆಲ್ಲ ಸೇರಿ ನಿರ್ಣಯವಾಗುತ್ತದೆ. ಮುಖ್ಯ ಚಿಕಿತ್ಸೆ ಕಾರಣದಿಂದ ದೂರವಿರುವುದು, ಜೊತೆಗೆ ಸ್ಟೆರಾಯ್ಡ್. ಪಾರಿವಾಳಕ್ಕೆ ಬಲೆ ಕಟ್ಟಿಸುವುದು ನಗರವಾಸಿಗೆ ಸುಲಭ. ಲೈನ್ ಮನೆಯ ಕೂಲಿಯವನಿಗೆ ಮನೆ ಬದಲಿಸಿ ಎನ್ನುವುದು ಕೆಲಸ ಬಿಡಿ ಎಂದಂತೆ. ಇಲ್ಲಿ ಗೋಡೆಯ ತೇವ ತಡೆಯುವುದು ತೋಟದ ಮಾಲೀಕರ ಹೊಣೆಯೇ ಸರಿ. ಅದನ್ನು ಔಷಧಿ ಚೀಟಿಯಲ್ಲಿ ಬರೆಯಲಾಗದು.

ಸ್ಟೆರಾಯ್ಡ್ ಬಗ್ಗೆ ಒಂದು ಮಾತು. ರೋಗ ಖಚಿತವಾಗದೆ ದಮ್ಮಿಗೆಂದು ಅದನ್ನು ಕೊಟ್ಟರೆ ರೋಗಿಗೆ ಎರಡು ದಿನ ಹಿತವೆನಿಸುತ್ತದೆ. ಒಳಗಿರುವುದು ಕ್ಷಯವೋ ಮೆಲಿಯಾಯ್ಡೋಸಿಸ್ಸೋ ಆಗಿದ್ದರೆ ಅದು ಕಾಳ್ಗಿಚ್ಚಿನಂತೆ ಹರಡುತ್ತದೆ.

ಏಡಿ, ನಾಯಿ, ಕಲ್ಲಿನ ಧೂಳು

ಉಳಿದವು ವಿರಳ, ಆದರೂ ನೆನಪಿರಬೇಕಾದವು. ಈಶಾನ್ಯ ರಾಜ್ಯಗಳಲ್ಲಿ ಸರಿಯಾಗಿ ಬೇಯಿಸದ ಹೊಳೆ ಏಡಿಯಿಂದ ಶ್ವಾಸಕೋಶದ ಚಪ್ಪಟೆಹುಳು ದೇಹಕ್ಕೆ ಸೇರುತ್ತದೆ. ತುಕ್ಕಿನ ಬಣ್ಣದ ರಕ್ತಮಿಶ್ರಿತ ಕಫ ವರ್ಷಗಟ್ಟಲೆ ಬರುತ್ತಿದ್ದರೂ ರೋಗಿ ಹೆಚ್ಚು ಸೊರಗಿರುವುದಿಲ್ಲ. ಕಫದಲ್ಲಿ ಹುಳುವಿನ ಮೊಟ್ಟೆ ಕಾಣುತ್ತದೆ, ಹುಡುಕಿದರೆ. ಪ್ರಾಜಿಕ್ವಾಂಟೆಲ್ ಎರಡು-ಮೂರು ದಿನ ಕೊಟ್ಟರೆ ಗುಣವಾಗುತ್ತದೆ. ಮಲೆನಾಡಿನವರೂ ಏಡಿ ತಿನ್ನುತ್ತಾರೆ. ಆದರೆ ಸಾರಿನಲ್ಲಿ ಚೆನ್ನಾಗಿ ಕುದಿಸಿ.

ನಾಯಿ, ಕುರಿಗಳ ಒಡನಾಟದಿಂದ ಬರುವ ಹೈಡಾಟಿಡ್ ನೀರುಗಂಟು ಎಕ್ಸ್‌ರೇಯಲ್ಲಿ ದುಂಡನೆಯ ನೆರಳಾಗಿ ಕಾಣುತ್ತದೆ. ಅದಕ್ಕೆ ಆತುರದಿಂದ ಸೂಜಿ ಚುಚ್ಚಿದರೆ ಒಳಗಿನ ದ್ರವ ಸೋರಿ ತೀವ್ರ ಅಲರ್ಜಿಯಾಗಬಹುದು. ಇನ್ನು ಕಲ್ಲಿನ ಧೂಳು: ಕೋಲಾರದ ಚಿನ್ನದ ಗಣಿಯ 7,653 ಕಾರ್ಮಿಕರನ್ನು ಪರೀಕ್ಷಿಸಿ 1947ರಲ್ಲಿ ಪ್ರಕಟಿಸಿದ ಸಮೀಕ್ಷೆ, ಶೇ. 43.7 ಮಂದಿಗೆ ಸಿಲಿಕೋಸಿಸ್ ಇದೆಯೆಂದು ಹೇಳಿತ್ತು. ಗಣಿ 2001ರಲ್ಲಿ ಮುಚ್ಚಿತು. ಜಲ್ಲಿ ಕ್ರಷರ್‌ಗಳು ನಡೆಯುತ್ತಲೇ ಇವೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬರುವ ಸಂಭವವೂ ಹೆಚ್ಚು. ಅಲ್ಲಿ ಎರಡೂ ಒಟ್ಟಿಗೇ ಇರಬಹುದು.

ಎಲ್ಲಿಗೆ ಹೋಗಬೇಕು

ಸಕಲೇಶಪುರದ ಸರಕಾರಿ ಕ್ರಾಫರ್ಡ್ ಆಸ್ಪತ್ರೆಯಲ್ಲಿ ಆರಂಭದ ತಪಾಸಣೆ ಮಾಡಿಸಿಕೊಳ್ಳಬಹುದು. ಸುಮಾರು 40 ಕಿಲೋಮೀಟರ್ ದೂರದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮುಂದಿನ ಮೆಟ್ಟಿಲು. ಅಲ್ಲಿಗೂ ಬಗೆಹರಿಯದಿದ್ದರೆ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಅಥವಾ ಮಂಗಳೂರು, ಮಣಿಪಾಲದ ವೈದ್ಯಕೀಯ ಕಾಲೇಜುಗಳಿವೆ. ಉಸಿರಾಟದ ವೇಗ ಹೆಚ್ಚಿ ಮಾತನಾಡಲು ಕಷ್ಟವಾದರೆ, ತುಟಿ ನೀಲಿಗಟ್ಟಿದರೆ, ಒಮ್ಮೆಗೇ ಹೆಚ್ಚು ರಕ್ತ ಕೆಮ್ಮಿದರೆ ಮೆಟ್ಟಿಲು ಹತ್ತುವ ಮಾತಿಲ್ಲ, ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬೇಕು.

ಹೋಗುವಾಗ ಹಳೆಯ ಎಕ್ಸ್‌ರೇಗಳನ್ನು ಒಯ್ಯಬೇಕು. ಎರಡು ವರ್ಷದ ಹಿಂದಿನ ನೆರಳೂ ಇಂದಿನ ನೆರಳೂ ಒಂದೇ ಆಗಿದ್ದರೆ ಕೆಲವೊಮ್ಮೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನುಂಗಿದ ಮಾತ್ರೆಗಳ ಚೀಟಿ, ಸಕ್ಕರೆ ಕಾಯಿಲೆಯ ವಿವರ, ಮಾಡಿದ ಕೆಲಸಗಳು, ಬಾಳಿದ ಊರುಗಳು ಇವನ್ನು ವೈದ್ಯರು ಕೇಳದಿದ್ದರೂ ಹೇಳಬೇಕು. ಬ್ರಾಂಕೋಸ್ಕೋಪಿ ಅಥವಾ ಸೂಜಿಯಿಂದ ಅಂಗಾಂಶ, ಕೀವು ತೆಗೆಯುವ ಸಂದರ್ಭ ಬಂದರೆ ಒಂದು ಪ್ರಶ್ನೆಯನ್ನು ರೋಗಿಯ ಮನೆಯವರೇ ಕೇಳಬಹುದು: ಮಾದರಿಯ ಒಂದು ಭಾಗ ಕಲ್ಚರ್‌ಗೆ ಹೋಗುತ್ತಿದೆಯೇ? ಪೂರ್ತಿ ಮಾದರಿ ಫಾರ್ಮಲಿನ್ ಬಾಟಲಿಗೆ ಬಿದ್ದರೆ ಅದರಲ್ಲಿನ ಜೀವಾಣು ಸತ್ತುಹೋಗುತ್ತದೆ. ಮತ್ತೆ ಅದನ್ನು ಬೆಳೆಸಿ ನೋಡಲಾಗದು.